ಒಡೆಯನಿಲ್ಲದ ಕಿರ್ದಿ: ಕ್ರಿಪ್ಟೊಕರೆನ್ಸಿಯ ಉಗಮ ಮತ್ತು ಆದಿಕಾಲ



ದತ್ತಿಯೊಂದನ್ನು ಸ್ಥಾಪಿಸುವ ಮಹನೀಯರು, ತಮ್ಮ ಕಾಲಾನಂತರವೂ ಯಾರೋ ಒಬ್ಬರು ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟು, ಮೂಲಧನವನ್ನು ಕಾಪಾಡಿ, ಅದರ ಬಡ್ಡಿಯನ್ನು ಸತ್ಕಾರ್ಯಕ್ಕೆ ವಿನಿಯೋಗಿಸುವರೆಂಬ ನಂಬಿಕೆಯ ಮೇಲೆಯೇ ಆ ಕೆಲಸಕ್ಕೆ ಕೈಹಾಕುತ್ತಾರೆ. ಅಂತಹ ನಂಬಿಕೆಯ ಫಲವಾಗಿ ಈ ವೇದಿಕೆಯ ಮೇಲೆ ನಿಂತಿರುವ ನಾನು, ಲೆಕ್ಕವಿಡುವವರನ್ನು ನಂಬುವ ಅಗತ್ಯವೇ ಇಲ್ಲದ ಹಣವೊಂದನ್ನು ನಿರ್ಮಿಸಹೊರಟವರ ವೃತ್ತಾಂತವನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಿಶ್ವಾಸದ ಬೆಲೆಯನ್ನು ಅರಿಯಬೇಕಾದರೆ, ಅದನ್ನು ತೊಡೆದುಹಾಕಲು ಯತ್ನಿಸಿದವರು ಎಷ್ಟು ದೂರ ಸಾಗಿದರು, ಎಲ್ಲಿ ಬಂದು ನಿಂತರು ಎಂಬುದನ್ನು ಪರಿಶೀಲಿಸುವುದು ಒಂದು ಒಳ್ಳೆಯ ದಾರಿ.

ಕ್ರಿಪ್ಟೊಕರೆನ್ಸಿಯ ಮಾತೆತ್ತಿದೊಡನೆ ಅದರ ಬೆಲೆಯ ಏರಿಳಿತವೇ ಚರ್ಚೆಗೆ ಬರುವುದು ಈಗಿನ ರೂಢಿ. ಆ ಚರ್ಚೆ ಪೇಟೆಯದು. ಅದನ್ನು ಪೇಟೆಗೇ ಬಿಡೋಣ. 1976ರಿಂದ ಮೊದಲ್ಗೊಂಡು ಗಣಿತಜ್ಞರ ಒಂದು ಚಿಂತನೆ ಹೇಗೆ ಹಂತಹಂತವಾಗಿ ಬೆಳೆದು 2009ರಲ್ಲಿ ಬಿಟ್‌ಕಾಯಿನ್ ಎಂಬ ರೂಪವನ್ನು ತಾಳಿತು, ತಾಳಿದ ಬಳಿಕ ಮೊದಲ ಐದು ವರ್ಷಗಳಲ್ಲಿ ಮನುಷ್ಯರ ಕೈಯಲ್ಲಿ ಅದರ ಗತಿ ಏನಾಯಿತು ಎಂಬುದಷ್ಟೇ ಈ ಉಪನ್ಯಾಸದ ವ್ಯಾಪ್ತಿ.

1. ಪ್ರಶ್ನೆಯ ಸ್ವರೂಪ

ಕೌಟಿಲ್ಯನ ಅರ್ಥಶಾಸ್ತ್ರವು ನಾಣ್ಯದ ವಿಷಯದಲ್ಲಿ ಇಬ್ಬರು ಅಧಿಕಾರಿಗಳನ್ನು ಹೇಳುತ್ತದೆ. ನಾಣ್ಯವನ್ನು ಟಂಕಿಸುವ ಹೊಣೆ ಲಕ್ಷಣಾಧ್ಯಕ್ಷನದು; ವ್ಯವಹಾರದಲ್ಲಿ ಬಂದ ನಾಣ್ಯವನ್ನು ಪರೀಕ್ಷಿಸುವ ಹೊಣೆ ರೂಪದರ್ಶಕನದು. ಕಾಲದೇಶಗಳಿಗೆ ಅನುಗುಣವಾಗಿ ಅಧಿಕಾರಿಗಳ ಹೆಸರು ಬದಲಾದರೂ, ಹಣವಿರುವೆಡೆಯಲ್ಲೆಲ್ಲ ಈ ಎರಡು ಕಾರ್ಯಗಳು ಇದ್ದೇ ಇವೆ. ಲೋಹದ ನಾಣ್ಯವನ್ನು ತೂಗಿ ನೋಡಿದರು, ಒರೆಗೆ ಹಚ್ಚಿದರು; ಕಾಗದದ ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಎರಡರಲ್ಲಿಯೂ ಒಂದು ಅನುಕೂಲವಿದ್ದಿತು: ಕೊಟ್ಟವನ ಕೈಯಿಂದ ಅದು ನಿಶ್ಚಯವಾಗಿ ಹೋಗುತ್ತಿತ್ತು, ಪಡೆದವನ ಕೈಗೆ ನಿಶ್ಚಯವಾಗಿ ಬರುತ್ತಿತ್ತು.

ಗಣಕಯಂತ್ರದೊಳಗಣ ಹಣಕ್ಕೆ ಈ ಗುಣವಿಲ್ಲ. ಅಲ್ಲಿ ನಾಣ್ಯವೆಂದರೆ ಅಂಕಿಗಳ ಒಂದು ಸಾಲು. ಆ ಸಾಲನ್ನು ನಾನು ನಿಮಗೆ ಕಳುಹಿಸಿದ ಮೇಲೆಯೂ ಅದು ನನ್ನಲ್ಲಿ ಹಾಗೆಯೇ ಉಳಿದಿರುತ್ತದೆ, ಮತ್ತು ಅದನ್ನೇ ಇನ್ನೊಬ್ಬರಿಗೂ ಕಳುಹಿಸಲು ನನಗೆ ಯಾವ ಅಡ್ಡಿಯೂ ಇರುವುದಿಲ್ಲ. ಪ್ರತಿಯು ಮೂಲದಷ್ಟೇ ಸಾಚಾ ಆಗಿರುವ ಈ ಲೋಕದಲ್ಲಿ ಖೋಟಾ ನಾಣ್ಯವೆಂಬ ಮಾತಿಗೆ ಅರ್ಥವೇ ಇಲ್ಲ. ಒಂದೇ ನಾಣ್ಯವನ್ನು ಎರಡು ಬಾರಿ ವ್ಯಯಿಸುವುದೇ ಇಲ್ಲಿನ ಖೋಟಾತನ. ಇದನ್ನು ತಡೆಯಲು ಎಲ್ಲರಿಗೂ ತೋರಿದ ಮೊದಲ ಉಪಾಯವೆಂದರೆ, ನಂಬಿಕಸ್ಥನಾದ ಒಬ್ಬನ ಬಳಿ ಕಿರ್ದಿಯಿಡುವುದು. ಅಂಗಡಿಯ ಕಿರ್ದಿಯಲ್ಲಿ ದಿನದ ವ್ಯವಹಾರಗಳನ್ನು ನಡೆದ ಕ್ರಮದಲ್ಲಿಯೇ, ನಡುವೆ ಹಾಳೆ ಹರಿಯದೆ, ಸಾಲು ಅಳಿಸದೆ ಬರೆಯುವಂತೆ, ಬ್ಯಾಂಕೊಂದು ಎಲ್ಲರ ಕೊಡುಕೊಳ್ಳುವಿಕೆಯನ್ನೂ ಬರೆದಿಟ್ಟರೆ ಎರಡನೆಯ ಬಾರಿಯ ವ್ಯಯವು ಕೂಡಲೇ ಸಿಕ್ಕಿಬೀಳುತ್ತದೆ. ಉಪಾಯವೇನೋ ಸರಿ, ಆದರೆ ಕಿರ್ದಿಯನ್ನು ಹಿಡಿದವನು ಎಲ್ಲರ ಗುಟ್ಟನ್ನೂ ಬಲ್ಲವನಾಗುತ್ತಾನೆ, ಬೇಡವಾದವರ ವ್ಯವಹಾರವನ್ನು ನಿಲ್ಲಿಸಬಲ್ಲವನಾಗುತ್ತಾನೆ, ಮತ್ತು ಅವನು ಮುಳುಗಿದ ದಿನ ಹಣವೂ ಅವನೊಡನೆ ಮುಳುಗುತ್ತದೆ. ಈ ಮೂರು ಭಯಗಳೇ ನಮ್ಮ ಇತಿಹಾಸವನ್ನು ಮುಂದಕ್ಕೆ ನಡೆಸಿದ ಶಕ್ತಿಗಳು.

2. ಗಣಿತದ ತಳಹದಿ

ಶತಮಾನಗಳ ಕಾಲ ರಾಜತಂತ್ರಕ್ಕೂ ಯುದ್ಧಕ್ಕೂ ಮೀಸಲಾಗಿದ್ದ ಗೂಢಲಿಪಿಶಾಸ್ತ್ರವು ಸಾಮಾನ್ಯರ ವ್ಯವಹಾರಕ್ಕೆ ಒದಗುವಂತಾದದ್ದು 1976ರಲ್ಲಿ. ಆ ವರ್ಷ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ವಿದ್ವಾಂಸರು, ಮೊದಲೇ ಭೇಟಿಯಾಗಿ ಗುಟ್ಟಿನ ಕೀಲಿಯನ್ನು ಹಂಚಿಕೊಳ್ಳದ ಅಪರಿಚಿತರೂ ಸುರಕ್ಷಿತವಾಗಿ ಸಂದೇಶವನ್ನು ಕಳುಹಿಸಬಹುದೆಂದು ತೋರಿಸಿದರು. ಪ್ರತಿಯೊಬ್ಬನಿಗೂ ಎರಡು ಕೀಲಿಗಳು. ಒಂದನ್ನು ಲೋಕಕ್ಕೆಲ್ಲ ಸಾರಬಹುದು, ಇನ್ನೊಂದನ್ನು ತಾನೇ ಬಚ್ಚಿಟ್ಟುಕೊಳ್ಳಬೇಕು. ಮರುವರ್ಷವೇ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ಈ ತತ್ತ್ವವನ್ನು ಕಾರ್ಯರೂಪಕ್ಕೆ ತರುವ ವಿಧಾನವನ್ನು ಕಂಡುಹಿಡಿದರು. ಇದರಿಂದ ದೊರೆತ ಮಹತ್ತರವಾದ ಲಾಭವೆಂದರೆ ಡಿಜಿಟಲ್ ಸಹಿ: ಬಚ್ಚಿಟ್ಟ ಕೀಲಿಯಿಂದ ಹಾಕಿದ ಸಹಿಯನ್ನು ಸಾರಿದ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅನುಕರಿಸಲಾರರು.

ಈ ಸಹಿಯನ್ನು ಹಣಕ್ಕೆ ಅನ್ವಯಿಸಿದ ಮೊದಲಿಗರಲ್ಲಿ ಅಗ್ರಗಣ್ಯನು ಡೇವಿಡ್ ಚೌಮ್. ಬ್ಯಾಂಕು ಎಲ್ಲರ ಗುಟ್ಟನ್ನೂ ಬಲ್ಲದೆಂಬ ಮೊದಲನೆಯ ಭಯಕ್ಕೆ ಆತನು 1982ರಲ್ಲಿ ಉತ್ತರವನ್ನು ಕೊಟ್ಟನು. ಗ್ರಾಹಕನು ನಾಣ್ಯದ ಕ್ರಮಾಂಕವನ್ನು ಗಣಿತದ ಮರೆಯೊಳಗಿಟ್ಟು ಬ್ಯಾಂಕಿಗೆ ಕಳುಹಿಸುತ್ತಾನೆ. ಬ್ಯಾಂಕು ಆ ಕ್ರಮಾಂಕವನ್ನು ನೋಡದೆಯೇ ಅದಕ್ಕೆ ಸಹಿ ಹಾಕುತ್ತದೆ. ಗ್ರಾಹಕನು ಮರೆಯನ್ನು ತೆಗೆದಾಗ ಸಹಿಯು ನಾಣ್ಯದ ಮೇಲೆ ಉಳಿಯುತ್ತದೆ. ನಾಣ್ಯವು ಅಂಗಡಿಯಿಂದ ಮರಳಿ ಬಂದಾಗ ಅದು ತನ್ನದೇ ನಾಣ್ಯವೆಂದು ಬ್ಯಾಂಕಿಗೆ ತಿಳಿಯುತ್ತದೆಯೇ ಹೊರತು, ಯಾರಿಗೆ ಕೊಟ್ಟದ್ದೆಂದು ತಿಳಿಯುವುದಿಲ್ಲ. ಇದಕ್ಕಿಂತ ಸೊಗಸಾದ ಕಲ್ಪನೆ ಈ ಕ್ಷೇತ್ರದಲ್ಲಿ ಇನ್ನೂ ಹುಟ್ಟಿಲ್ಲವೆಂದು ನನ್ನ ಭಾವನೆ. ಚೌಮ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿಜಿಕ್ಯಾಶ್ ಎಂಬ ಸಂಸ್ಥೆಯನ್ನು ಕಟ್ಟಿದನು. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಾರ್ಕ್ ಟ್ವೇನ್ ಬ್ಯಾಂಕು ಈ ಹಣವನ್ನು ಚಲಾವಣೆಗೆ ತಂದಿತು. ಆದರೆ ಸ್ವೀಕರಿಸುವ ವ್ಯಾಪಾರಿಗಳಿಲ್ಲದೆ ಗ್ರಾಹಕರು ಬರಲಿಲ್ಲ, ಗ್ರಾಹಕರಿಲ್ಲದೆ ವ್ಯಾಪಾರಿಗಳು ಬರಲಿಲ್ಲ. ಅಷ್ಟರಲ್ಲಿ ಕ್ರೆಡಿಟ್ ಕಾರ್ಡು ಜನರಿಗೆ ಸಾಕೆನಿಸಿತು. 1998ರಲ್ಲಿ ಡಿಜಿಕ್ಯಾಶ್ ದಿವಾಳಿಯಾಯಿತು. ಅದರೊಡನೆ ಅದರ ಹಣವೂ ಹೋಯಿತು. ಮೊದಲನೆಯ ಭಯವನ್ನು ನೀಗಿದವನು ಮೂರನೆಯ ಭಯಕ್ಕೆ ಉದಾಹರಣೆಯಾದನು.

3. ಬಿಡಿಭಾಗಗಳ ದಶಕ

ಚೌಮನ ಚಿಂತನೆಯಿಂದ ಪ್ರೇರಿತರಾಗಿ ಮುಂದೆ ಸಾಗಿದವರು, 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರಾಂತದಲ್ಲಿ ಎರಿಕ್ ಹ್ಯೂಸ್, ಟಿಮೊಥಿ ಮೇ, ಜಾನ್ ಗಿಲ್‌ಮೋರ್ ಮೊದಲಾದವರು ಸೇರಿ ಕಟ್ಟಿದ ಸೈಫರ್‌ಪಂಕ್ ಬಳಗದವರು. ವ್ಯಕ್ತಿಯ ಗೋಪ್ಯತೆಯನ್ನು ಕಾನೂನಿನ ದಯೆಗೆ ಬಿಡದೆ ಗಣಿತದ ಬಲದಿಂದಲೇ ರಕ್ಷಿಸಿಕೊಳ್ಳಬೇಕೆಂಬುದು ಅವರ ಮತವಾಗಿದ್ದಿತು. ಕಿರ್ದಿಯನ್ನು ಹಿಡಿಯುವ ಒಡೆಯನೇ ಇರಕೂಡದು ಎಂಬ ಗುರಿಯನ್ನು ಸ್ಪಷ್ಟವಾಗಿ ಮುಂದಿಟ್ಟವರು ಇವರೇ. ಆ ಗುರಿಗೆ ಬೇಕಾದ ಬಿಡಿಭಾಗಗಳಾದರೋ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಸಿದ್ಧವಾಗುತ್ತಿದ್ದವು.

ಬೆಲ್‌ಕೋರ್ ಸಂಸ್ಥೆಯ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ ಅವರಿಗೆ ಹಣದ ಯೋಚನೆಯೇ ಇರಲಿಲ್ಲ. ಗಣಕದೊಳಗಿನ ದಾಖಲೆಯೊಂದು ಇಂತಹ ದಿನವೇ ಇದ್ದಿತೆಂದು, ಅನಂತರ ಅದನ್ನು ತಿದ್ದಿಲ್ಲವೆಂದು ಸಾಧಿಸುವುದು ಹೇಗೆಂಬುದು ಅವರ ಸಮಸ್ಯೆ. ಎಷ್ಟೇ ದೊಡ್ಡ ದಾಖಲೆಯನ್ನಾದರೂ ಹ್ಯಾಶ್ ಎಂಬ ಗಣಿತಕ್ರಿಯೆಯಿಂದ ಒಂದು ಚಿಕ್ಕ ಮುದ್ರೆಯನ್ನಾಗಿ ಮಾಡಬಹುದು. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಮುದ್ರೆಯು ಸಂಪೂರ್ಣವಾಗಿ ಬದಲಾಗುತ್ತದೆ. ಹೀಗಿರುವಲ್ಲಿ, ಪ್ರತಿ ದಾಖಲೆಯೊಡನೆ ಅದರ ಹಿಂದಿನದರ ಮುದ್ರೆಯನ್ನೂ ಸೇರಿಸಿ ಕೊಂಡಿ ಹಾಕುತ್ತ ಹೋದರೆ, ನಡುವಣ ಒಂದನ್ನು ತಿದ್ದಲು ಮುಂದಿನದನ್ನೆಲ್ಲ ತಿದ್ದಬೇಕಾಗುತ್ತದೆ ಎಂದು ಅವರು 1991ರ ಪ್ರಬಂಧದಲ್ಲಿ ಸೂಚಿಸಿದರು. ಅವರೇ ಕಟ್ಟಿದ ಬೇರೊಂದು ಸಂಸ್ಥೆಯು 1995ರಿಂದ ವಾರಕ್ಕೊಮ್ಮೆ ಇಂತಹ ಮುದ್ರೆಯೊಂದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ಅಚ್ಚು ಹಾಕಿಸತೊಡಗಿತು. ಲಕ್ಷಾಂತರ ಮನೆಗಳಿಗೆ ತಲುಪಿದ ಪತ್ರಿಕೆಯನ್ನು ಯಾರು ತಾನೇ ಹಿಂತೆಗೆದುಕೊಂಡು ತಿದ್ದಬಲ್ಲರು?

ಎರಡನೆಯ ಬಿಡಿಭಾಗವು ಬೇಡದ ಅಂಚೆಯನ್ನು ತಡೆಯುವ ಪ್ರಯತ್ನದಿಂದ ಬಂದಿತು. ಮಿಂಚಂಚೆ ಕಳುಹಿಸಲು ಖರ್ಚಿಲ್ಲವಾದುದರಿಂದಲೇ ಅದರ ದುರುಪಯೋಗವಾಗುತ್ತಿದೆ, ಆದಕಾರಣ ಪ್ರತಿ ಪತ್ರಕ್ಕೂ ಗಣಕವು ಸ್ವಲ್ಪ ಶ್ರಮಪಟ್ಟು ಒಂದು ಲೆಕ್ಕವನ್ನು ಬಿಡಿಸಿರಬೇಕೆಂದು ವಿಧಿಸಿದರೆ ಸಾಮಾನ್ಯನಿಗೆ ತೊಂದರೆಯಾಗದು, ಲಕ್ಷಗಟ್ಟಲೆ ಕಳುಹಿಸುವವನಿಗೆ ಮಾತ್ರ ಹೊರೆಯಾದೀತು ಎಂದು ಸಿಂತಿಯಾ ಡ್ವರ್ಕ್ ಮತ್ತು ಮೋನಿ ನವೋರ್ 1992ರಲ್ಲಿ ತರ್ಕಿಸಿದರು. ಬ್ರಿಟನ್ನಿನ ಆಡಮ್ ಬ್ಯಾಕ್ 1997ರಲ್ಲಿ ಇದೇ ದಾರಿಯಲ್ಲಿ ಸ್ವತಂತ್ರವಾಗಿ ಹ್ಯಾಶ್‌ಕ್ಯಾಶ್ ಎಂಬುದನ್ನು ರಚಿಸಿದನು. ಬಿಡಿಸಲು ಕಷ್ಟ, ಬಿಡಿಸಿದ್ದಾರೆಂದು ಪರೀಕ್ಷಿಸಲು ಸುಲಭ: ಇಂತಹ ಲೆಕ್ಕಕ್ಕೆ ಶ್ರಮದ ಸಾಕ್ಷ್ಯವೆಂಬ ಸ್ಥಾನ ದೊರೆಯಿತು.

1998ರಲ್ಲಿ ವೇಯ್ ಡಾಯ್ ಎಂಬವನು ಬಿ-ಮನಿ ಎಂಬ ಯೋಜನೆಯನ್ನು ಬರೆದನು. ಅದೇ ಕಾಲದಲ್ಲಿ ನಿಕ್ ಸಾಬೊ ಬಿಟ್ ಗೋಲ್ಡ್ ಎಂಬುದನ್ನು ಚಿಂತಿಸಿದನು. ಶ್ರಮದ ಸಾಕ್ಷ್ಯದಿಂದ ಹಣವನ್ನು ಟಂಕಿಸುವುದು, ಕಿರ್ದಿಯನ್ನು ಹಲವರಲ್ಲಿ ಹಂಚುವುದು ಎರಡರಲ್ಲಿಯೂ ಇದ್ದ ಸಮಾನ ಆಶಯ. ಆದರೆ ಗಣಕಗಳು ವರ್ಷವರ್ಷಕ್ಕೂ ವೇಗವಾಗುತ್ತಿರಲು ನಿನ್ನಿನ ಕಠಿಣ ಲೆಕ್ಕ ಇಂದು ಸುಲಭವಾಗುತ್ತದೆಯಷ್ಟೆ. ಆಗ ಹಣದ ಪ್ರಮಾಣವನ್ನು ಯಾರು ನಿಯಂತ್ರಿಸತಕ್ಕದ್ದು, ಹಂಚಿಟ್ಟ ಕಿರ್ದಿಗಳಲ್ಲಿ ಭೇದ ಬಂದರೆ ಯಾವುದು ಪ್ರಮಾಣ, ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಪೂರ್ಣವಾದ ಉತ್ತರವಿರಲಿಲ್ಲ. 2004ರಲ್ಲಿ ಹ್ಯಾಲ್ ಫಿನ್ನಿ ಎಂಬ ಕ್ಯಾಲಿಫೋರ್ನಿಯಾದ ತಂತ್ರಜ್ಞನು ಶ್ರಮದ ಸಾಕ್ಷ್ಯವನ್ನು ಕೈಯಿಂದ ಕೈಗೆ ದಾಟಿಸುವ ವ್ಯವಸ್ಥೆಯನ್ನು ನಿಜವಾಗಿಯೂ ನಡೆಸಿ ತೋರಿಸಿದನಾದರೂ, ಅದರ ಕಿರ್ದಿಯು ಒಂದೇ ಯಂತ್ರದೊಳಗೆ, ಐ.ಬಿ.ಎಮ್. ಸಂಸ್ಥೆಯ ಭದ್ರವಾದ ಒಂದು ಉಪಕರಣದಲ್ಲಿ ನಿಂತಿದ್ದಿತು. ಟಂಕಸಾಲೆಯ ಸಮಸ್ಯೆ, ಕಿರ್ದಿಯ ಸಮಸ್ಯೆ ಎಂದು ಎರಡನ್ನೂ ಬೇರೆಬೇರೆಯಾಗಿ ಬಿಡಿಸಲು ಹೋದವರೆಲ್ಲ ಒಂದನ್ನು ಗೆದ್ದು ಇನ್ನೊಂದರಲ್ಲಿ ಸೋತರು.

4. ಸಂಯೋಗ

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯ ಅರ್ಜಿ ಸಲ್ಲಿಸಿತು. ಆ ವರ್ಷದ ಕೊನೆಗೆ ಪಾಶ್ಚಾತ್ಯ ಸರ್ಕಾರಗಳು ಪ್ರಜೆಗಳ ಹಣದಿಂದ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸುತ್ತಿದ್ದವು. ಈ ಕೋಲಾಹಲದ ನಡುವೆ, ಅಕ್ಟೋಬರ್ 31ರಂದು, ಸತೋಷಿ ನಾಕಾಮೊಟೊ ಎಂಬ ಹೆಸರಿನಲ್ಲಿ, ಬಿಟ್‌ಕಾಯಿನ್ ಕುರಿತ ಒಂಬತ್ತು ಪುಟಗಳ ಒಂದು ಪ್ರಬಂಧವು ಗೂಢಲಿಪಿಶಾಸ್ತ್ರಾಸಕ್ತರ ಕೈಸೇರಿತು. ಅದು ಒಬ್ಬನ ಹೆಸರೋ ಹಲವರ ಹೆಸರೋ ಎಂಬುದು ಇಂದಿಗೂ ನಿರ್ಣಯವಾಗಿಲ್ಲ. ಪ್ರಬಂಧದ ಕೊನೆಯಲ್ಲಿ ಆಧಾರವಾಗಿ ಹೆಸರಿಸಿದ ಕೃತಿಗಳು ಎಂಟೇ ಎಂಟು; ಅವುಗಳಲ್ಲಿ ಮೂರು ಹೇಬರ್ ಮತ್ತು ಸ್ಟಾರ್ನೆಟ ಅವರು ಪಾಲುಗೊಂಡು ಬರೆದವು, ಒಂದು ವೇಯ್ ಡಾಯನದು, ಒಂದು ಆಡಮ್ ಬ್ಯಾಕನದು. ಹೊಸ ಗಣಿತವೆಂಬುದು ಅದರಲ್ಲಿ ಇಲ್ಲವೇ ಇಲ್ಲವೆಂದರೂ ಸಲ್ಲುತ್ತದೆ. ಹಾಗಾದರೆ ಅದರ ಹಿರಿಮೆ ಯಾವುದರಲ್ಲಿ?

ಕಿರ್ದಿಯನ್ನು ಬರೆಯುವವನಿಗೆ, ಕಿರ್ದಿಯಲ್ಲಿ ಬರೆಯುವ ಹಣವನ್ನೇ ಕೂಲಿಯಾಗಿ ಕೊಡುವುದರಲ್ಲಿ. ಜಾಲದಲ್ಲಿ ನಡೆದ ವ್ಯವಹಾರಗಳನ್ನು ಒಂದು ಬ್ಲಾಕಿನಲ್ಲಿ ಕಟ್ಟಿ, ಹಿಂದಿನ ಬ್ಲಾಕಿನ ಮುದ್ರೆಯನ್ನು ಅದಕ್ಕೆ ಸೇರಿಸಿ, ಕಠಿಣವಾದ ಲೆಕ್ಕವನ್ನು ಯಾರು ಮೊದಲು ಬಿಡಿಸುತ್ತಾರೋ ಅವರಿಗೆ ಆ ಪುಟವನ್ನು ಬರೆಯುವ ಹಕ್ಕು. ಹಾಗೆ ಬರೆದವರಿಗೆ ಸಂಭಾವನೆಯಾಗಿ, ಆರಂಭದಲ್ಲಿ, ಹೊಸದಾಗಿ ಹುಟ್ಟಿದ 50 ನಾಣ್ಯಗಳು. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕು ಹುಟ್ಟಬೇಕೆಂಬುದು ನಿಯಮ. ಗಣಕಗಳು ವೇಗವಾದರೆ 2016 ಬ್ಲಾಕುಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಗಳಿಗೊಮ್ಮೆ, ಲೆಕ್ಕದ ಕಾಠಿಣ್ಯವು ತಾನಾಗಿಯೇ ಏರುತ್ತದೆ. ವೇಯ್ ಡಾಯನನ್ನು ತಡೆದ ತೊಡಕು ಹೀಗೆ ಬಗೆಹರಿಯಿತು. 2,10,000 ಬ್ಲಾಕುಗಳಿಗೊಮ್ಮೆ ಸಂಭಾವನೆಯು ಅರ್ಧಕ್ಕಿಳಿಯುತ್ತದೆ. ಆದುದರಿಂದ ನಾಣ್ಯಗಳ ಒಟ್ಟು ಮೊತ್ತವು 2 ಕೋಟಿ 10 ಲಕ್ಷವನ್ನು ಎಂದಿಗೂ ಮೀರದು. ಕಿರ್ದಿಗಳಲ್ಲಿ ಭೇದವುಂಟಾದರೆ ಯಾವ ಸರಪಳಿಯ ಹಿಂದೆ ಹೆಚ್ಚು ಶ್ರಮವಿದೆಯೋ ಅದೇ ಪ್ರಮಾಣ. ಮೋಸಮಾಡಬೇಕೆಂದವನು ಜಾಲದ ಉಳಿದ ಎಲ್ಲರ ಒಟ್ಟು ಶ್ರಮವನ್ನು ಮೀರಿಸಬೇಕು. ಮೀರಿಸುವಷ್ಟು ಶಕ್ತಿಯುಳ್ಳವನಿಗೆ ಮೋಸಕ್ಕಿಂತ ಪ್ರಾಮಾಣಿಕತೆಯೇ ಹೆಚ್ಚು ಲಾಭಕರವಾಗಬಹುದು. ಕೌಟಿಲ್ಯನು ಬೇರೆಬೇರೆಯಾಗಿರಿಸಿದ್ದ ಲಕ್ಷಣಾಧ್ಯಕ್ಷನನ್ನೂ ರೂಪದರ್ಶಕನನ್ನೂ ನಾಕಾಮೊಟೊ ಒಬ್ಬನನ್ನಾಗಿ ಮಾಡಿ, ಆ ಪದವಿಯನ್ನು ಹತ್ತು ನಿಮಿಷಕ್ಕೊಮ್ಮೆ ಸ್ಪರ್ಧೆಗಿಟ್ಟನು. ಹಿಂದಿನವರಿಗೆ ಎರಡಾಗಿ ಕಂಡ ಸಮಸ್ಯೆಗಳು ಒಂದನ್ನೊಂದು ಬಿಡಿಸಿಕೊಂಡವು.

2009ರ ಜನವರಿ 3ರ ದಿನಾಂಕವನ್ನು ಹೊತ್ತ ಮೊದಲ ಬ್ಲಾಕಿನೊಳಗೆ ಆತನು ಆ ದಿನದ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹವೊಂದನ್ನು ಸೇರಿಸಿದನು. ಬ್ಯಾಂಕುಗಳಿಗೆ ಎರಡನೆಯ ಬಾರಿ ನೆರವು ನೀಡುವ ಹಂತಕ್ಕೆ ಬ್ರಿಟನ್ನಿನ ಅರ್ಥಸಚಿವರು ಬಂದಿರುವರೆಂಬುದು ಅದರ ವಿಷಯ. ಹೇಬರ್ ಮತ್ತು ಸ್ಟಾರ್ನೆಟ ತಮ್ಮ ಮುದ್ರೆಯನ್ನು ಪತ್ರಿಕೆಯೊಳಗೆ ಇರಿಸಿದ್ದರೆ, ಈತನು ಪತ್ರಿಕೆಯನ್ನೇ ತನ್ನ ಸರಪಳಿಯೊಳಗೆ ಇರಿಸಿದನು. ಬ್ಲಾಕು ಆ ದಿನಕ್ಕಿಂತ ಮುಂಚಿನದಲ್ಲವೆಂಬುದಕ್ಕೆ ಅದು ಸಾಕ್ಷಿ; ಬ್ಯಾಂಕುಗಳ ಮೇಲಣ ಟೀಕೆಯನ್ನು ಅದರಲ್ಲಿ ಓದುವವರಿಗೂ ಅವಕಾಶವಿದೆ. ಜನವರಿ 12ರಂದು ಮೊದಲ ವರ್ಗಾವಣೆ ನಡೆಯಿತು: ನಾಕಾಮೊಟೊನಿಂದ ಹ್ಯಾಲ್ ಫಿನ್ನಿಗೆ 10 ನಾಣ್ಯಗಳು. ಐದು ವರ್ಷಗಳ ಹಿಂದೆ ಅದೇ ಸಮಸ್ಯೆಯೊಡನೆ ಸೆಣಸಿದ್ದ ಫಿನ್ನಿಗೆ ಆ ಕಾಣಿಕೆ ಸಂದದ್ದು ಯುಕ್ತವಾಗಿಯೇ ಇದ್ದಿತು.

5. ಮೊದಲ ಐದು ವರ್ಷಗಳು

ಮೊದಲ ತಿಂಗಳುಗಳಲ್ಲಿ ಈ ನಾಣ್ಯಕ್ಕೆ ಬೆಲೆಯೆಂಬುದೇ ಇರಲಿಲ್ಲ. 2009ರ ಅಕ್ಟೋಬರಿನಲ್ಲಿ, ನಾಣ್ಯವನ್ನು ಗಳಿಸಲು ತಗಲುವ ವಿದ್ಯುತ್ತಿನ ಖರ್ಚನ್ನು ಲೆಕ್ಕಹಾಕಿ, ಒಂದು ಡಾಲರಿಗೆ 1,309.03 ಬಿಟ್‌ಕಾಯಿನ್ ಎಂಬ ದರವನ್ನು ಒಬ್ಬ ಆಸಕ್ತನು ಪ್ರಕಟಿಸಿದನು. 2010ರ ಮೇ 22ರಂದು ಫ್ಲಾರಿಡಾದ ಲಾಸ್ಲೊ ಹ್ಯಾನ್ಯೆಟ್ಸ್ ಎಂಬ ಪ್ರೋಗ್ರಾಮರನು 10,000 ನಾಣ್ಯಗಳನ್ನು ಕೊಟ್ಟು ಎರಡು ಪೀಟ್ಜಾಗಳನ್ನು ತರಿಸಿಕೊಂಡನು. ಆತನನ್ನು ನೋಡಿ ನಗುವುದು ಈಗ ವಾಡಿಕೆ. ಆದರೆ ನಾಣ್ಯವು ತಿನ್ನುವ ಪದಾರ್ಥಕ್ಕೆ ವಿನಿಮಯವಾದ ದಿನವೇ ಅದು ಹಣವೆನಿಸುವುದಾದರೆ, ನಾಕಾಮೊಟೊನ ಉದ್ದೇಶವನ್ನು ಅಕ್ಷರಶಃ ನೆರವೇರಿಸಿದವನು ಅವನೇ.

ಅದೇ ವರ್ಷದ ಆಗಸ್ಟ್ 15ರ ಘಟನೆಯು ಅಷ್ಟು ಪ್ರಸಿದ್ಧವಲ್ಲವಾದರೂ ವಿಚಾರವಂತರು ಮರೆಯತಕ್ಕದ್ದಲ್ಲ. ದೊಡ್ಡ ಮೊತ್ತಗಳನ್ನು ಕೂಡುವಾಗ ತಂತ್ರಾಂಶದಲ್ಲಿ ಉಂಟಾಗುತ್ತಿದ್ದ ದೋಷವೊಂದನ್ನು ಬಳಸಿಕೊಂಡು, ಯಾರೋ ಒಬ್ಬರು ಒಂದೇ ಬ್ಲಾಕಿನಲ್ಲಿ 18,400 ಕೋಟಿಗೂ ಹೆಚ್ಚು ನಾಣ್ಯಗಳನ್ನು ಸೃಷ್ಟಿಸಿಕೊಂಡರು. ಒಟ್ಟು ಮಿತಿಯು 2 ಕೋಟಿ 10 ಲಕ್ಷವೆಂಬುದನ್ನು ನೆನೆಯಿರಿ. ಕೆಲವೇ ಗಂಟೆಗಳಲ್ಲಿ ದೋಷವನ್ನು ತಿದ್ದಿದ ಹೊಸ ತಂತ್ರಾಂಶವು ಸಿದ್ಧವಾಯಿತು; ಜಾಲದಲ್ಲಿದ್ದವರು ಅದಕ್ಕೆ ಬದಲಾಯಿಸಿಕೊಂಡರು; ಆ ಬ್ಲಾಕನ್ನು ಬಿಟ್ಟು ಹೊಸ ಸರಪಳಿಯು ಬೆಳೆದು ಹಳೆಯದನ್ನು ಮೀರಿತು. ತಿದ್ದಲಾಗದೆಂದು ಹೆಸರಾದ ಕಿರ್ದಿಯನ್ನು ಮನುಷ್ಯರು ಕೂಡಿ ಮಾತನಾಡಿ ತಿದ್ದಿದರು. ತಿದ್ದಿದ್ದರಿಂದಲೇ ಅದು ಉಳಿಯಿತು. ಜಾಲವು ಚಿಕ್ಕದಾಗಿದ್ದು ಪರಸ್ಪರ ಬಲ್ಲವರಿಂದ ಕೂಡಿದ್ದುದರಿಂದ ಇದು ಸಾಧ್ಯವಾಯಿತೆಂಬುದೂ ಗಮನಾರ್ಹ.

ಆ ಡಿಸೆಂಬರಿನ ಬಳಿಕ ನಾಕಾಮೊಟೊ ಬಹಿರಂಗವಾಗಿ ಬರೆಯಲಿಲ್ಲ. 2011ರ ಏಪ್ರಿಲಿನಲ್ಲಿ ತಾನು ಬೇರೆ ಕೆಲಸಗಳಿಗೆ ತೊಡಗಿರುವುದಾಗಿ ಸಹೋದ್ಯೋಗಿಯೊಬ್ಬನಿಗೆ ತಿಳಿಸಿ ಮರೆಯಾದನು. ಒಡೆಯನಿಲ್ಲದ ಕಿರ್ದಿಗೆ ಕರ್ತೃವೂ ಇಲ್ಲದಂತಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಾಣ್ಯದ ಬೆಲೆ ಒಂದು ಡಾಲರನ್ನು ಮುಟ್ಟಿದ್ದಿತು; ಮಾದಕವಸ್ತುಗಳ ಗುಪ್ತ ಸಂತೆಯಾದ ಸಿಲ್ಕ್ ರೋಡ್ ಆಗಲೇ ತೆರೆದಿದ್ದಿತು. 2013ರ ಅಕ್ಟೋಬರಿನಲ್ಲಿ ಅಮೆರಿಕದ ಪೊಲೀಸರು ಅದನ್ನು ಮುಚ್ಚಿಸಿದರು. ಎಲ್ಲರ ಕಣ್ಣಿಗೂ ತೆರೆದಿರುವ ಕಿರ್ದಿಯು ಕಳ್ಳರಿಗೆ ಅಷ್ಟೇನೂ ಒಳ್ಳೆಯ ಆಶ್ರಯವಲ್ಲವೆಂಬುದು ಕ್ರಮೇಣ ತಿಳಿಯಿತು. ಆ ತನಿಖೆಯ ನಡುವೆ ತಾವೇ ನಾಣ್ಯಗಳನ್ನು ಲಪಟಾಯಿಸಿದ ಇಬ್ಬರು ಸರ್ಕಾರಿ ಅಧಿಕಾರಿಗಳೂ ಮುಂದೆ ಸಿಕ್ಕಿಬಿದ್ದು ಶಿಕ್ಷೆಗೊಳಗಾದರು. ಚೌಮನು ಬಯಸಿದ್ದ ಗೋಪ್ಯತೆಯನ್ನು ಬಿಟ್‌ಕಾಯಿನ್ ಪೂರ್ಣವಾಗಿ ಕೊಡಲಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ವಿನಿಮಯ ಕೇಂದ್ರದಿಂದ. ಮೊದಲು ಆಟದ ಎಲೆಗಳ ವ್ಯಾಪಾರಕ್ಕೆಂದು ಕಲ್ಪಿತವಾಗಿದ್ದ ಮೌಂಟ್ ಗಾಕ್ಸ್ ಎಂಬ ತಾಣವನ್ನು ಜೆಡ್ ಮೆಕೇಲಬ್ 2010ರಲ್ಲಿ ಬಿಟ್‌ಕಾಯಿನ್ ವಿನಿಮಯಕ್ಕೆ ತಿರುಗಿಸಿದನು. ಮರುವರ್ಷ ಅದು ಟೋಕಿಯೊದಲ್ಲಿದ್ದ ಮಾರ್ಕ್ ಕಾರ್ಪೆಲೆಸ್‌ನ ಕೈಸೇರಿತು. ಲೋಕದ ಬಿಟ್‌ಕಾಯಿನ್ ವ್ಯಾಪಾರದ ಬಹುಪಾಲು ಅಲ್ಲಿಯೇ ನಡೆಯತೊಡಗಿತು. ಬಚ್ಚಿಡಬೇಕಾದ ಕೀಲಿಯನ್ನು ತಾವೇ ಕಾಪಾಡುವ ರೇಜಿಗೆಯನ್ನು ಒಲ್ಲದ ಜನರು ತಮ್ಮ ನಾಣ್ಯಗಳನ್ನು ಆ ಸಂಸ್ಥೆಯ ವಶಕ್ಕೆ ಒಪ್ಪಿಸಿದರು. 2014ರ ಫೆಬ್ರವರಿಯಲ್ಲಿ ಸುಮಾರು 8,50,000 ನಾಣ್ಯಗಳು ಕಾಣೆಯಾಗಿವೆಯೆಂದು ಹೇಳಿ ಅದು ದಿವಾಳಿಯಾಯಿತು. ಸುಮಾರು 2,00,000 ಅನಂತರ ದೊರೆತವು. ಕಿರ್ದಿಯಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಒಡೆಯನನ್ನು ಒಳಗಿನಿಂದ ಅಟ್ಟಿದವರು, ಹೊರಬಾಗಿಲಿನಲ್ಲಿ ಇನ್ನೊಬ್ಬ ಒಡೆಯನನ್ನು ತಾವೇ ಕರೆತಂದು ಕುಳ್ಳಿರಿಸಿದ್ದರು.

ಅಷ್ಟರಲ್ಲಿ ಈ ಕಲ್ಪನೆಯು ಬಿಟ್‌ಕಾಯಿನ್ನಿನ ಎಲ್ಲೆಯನ್ನು ದಾಟಿದ್ದಿತು. 2011ರಲ್ಲಿ ನೇಮ್‌ಕಾಯಿನ್, ಲೈಟ್‌ಕಾಯಿನ್ ಎಂಬ ಬೇರೆ ನಾಣ್ಯಗಳು ಹುಟ್ಟಿದವು. 2013ರ ಕೊನೆಗೆ ವಿಟಾಲಿಕ್ ಬ್ಯುಟೆರಿನ್ ಎಂಬ ತರುಣನು ಎಥೀರಿಯಮ್ ಎಂಬ ಇನ್ನೊಂದು ಜಾಲದ ಯೋಜನೆಯನ್ನು ಬರೆದನು. ನಮ್ಮ ದೇಶದಲ್ಲಿಯೂ ಅದೇ 2013ರಲ್ಲಿ ಬೆಂಗಳೂರಿನಲ್ಲಿ ಯುನೊಕಾಯಿನ್ ಎಂಬ ವಿನಿಮಯ ಸಂಸ್ಥೆ ಆರಂಭವಾಯಿತು. ಡಿಸೆಂಬರ್ 24ರಂದು ಭಾರತೀಯ ರಿಸರ್ವ್ ಬ್ಯಾಂಕು ಇಂತಹ ನಾಣ್ಯಗಳ ಅಪಾಯಗಳ ಬಗೆಗೆ ಸಾರ್ವಜನಿಕರನ್ನು ಎಚ್ಚರಿಸಿತು. 2018ರಲ್ಲಿ ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ಸಲ್ಲಿಸಕೂಡದೆಂದು ಅದು ಹೊರಡಿಸಿದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಗೊಳಿಸಿದ ಕಥೆ ನಮ್ಮ ವ್ಯಾಪ್ತಿಯಿಂದ ಆಚೆಯದು.

6. ಉಪಸಂಹಾರ

ಈ ವೃತ್ತಾಂತದಿಂದ ನಾವು ಯಾವ ನಿರ್ಣಯಕ್ಕೆ ಬರಬಹುದು? ಪರಸ್ಪರ ಕಂಡರಿಯದ ಸಹಸ್ರಾರು ಜನರು ಯಾರ ಅಧಿಕಾರವೂ ಇಲ್ಲದೆ ಒಂದೇ ಕಿರ್ದಿಯನ್ನು ಒಮ್ಮತದಿಂದ ಬರೆಯಬಲ್ಲರೆಂಬುದು 2009ಕ್ಕೆ ಮೊದಲು ಯಾರೂ ಕಾರ್ಯತಃ ಸಿದ್ಧಪಡಿಸಿರದ ಸಂಗತಿ. ಅದು ಈಗ ಸಿದ್ಧವಾಗಿದೆ, ಮತ್ತು ಬೆಲೆ ಏರಲಿ ಇಳಿಯಲಿ, ಆ ಸಿದ್ಧಿಯು ಗಣಿತದ ಇತಿಹಾಸದಲ್ಲಿ ನಿಲ್ಲುತ್ತದೆ. ಆದರೆ ಕಿರ್ದಿಯು ಸರಿಯಾಗಿದ್ದ ಮಾತ್ರಕ್ಕೆ ಹಣವು ಒಳ್ಳೆಯದಾಗಲಿಲ್ಲ. ಮೊತ್ತವನ್ನು ಎಂದೆಂದಿಗೂ ಮಿತಿಗೊಳಿಸಿದ ನಿಯಮವೇ ಜನರನ್ನು ಖರ್ಚಿಗಿಂತ ಕೂಡಿಡುವಿಕೆಗೆ ಪ್ರೇರಿಸಿತು. ನಗದೆಂದು ಸಂಕಲ್ಪಿತವಾದದ್ದು ನಿಧಿಯಾಯಿತು, ನಿಧಿಯಿಂದ ಜೂಜಿಗೆ ದಾರಿ ದೂರವಿರಲಿಲ್ಲ.

ಹೊಸ ಹಣವೊಂದನ್ನು ಯಾರಾದರೂ ನಮ್ಮ ಮುಂದಿಟ್ಟಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಟಂಕಿಸುವವರು ಯಾರು, ಪರೀಕ್ಷಿಸುವವರು ಯಾರು, ತಪ್ಪಾದಾಗ ತಿದ್ದುವವರು ಯಾರು? ಮೊದಲ ಎರಡಕ್ಕೆ ನಾಕಾಮೊಟೊ ಕೊಟ್ಟ ಉತ್ತರವು ಅಪೂರ್ವವಾದದ್ದು. ಮೂರನೆಯದಕ್ಕೆ ಆತನ ಒಂಬತ್ತು ಪುಟಗಳಲ್ಲಿ ಉತ್ತರವಿಲ್ಲ. 2010ರ ಆಗಸ್ಟಿನಲ್ಲಿ ಕೂಡಿದ ಕೆಲವು ಮಂದಿ ಒಂದು ಉತ್ತರವನ್ನು ಕೊಟ್ಟರು, 2014ರ ಫೆಬ್ರವರಿಯಲ್ಲಿ ಕೊಡಬಲ್ಲವರು ಯಾರೂ ಇರಲಿಲ್ಲ. ಬ್ಯಾಂಕುಗಳನ್ನೂ ಸರ್ಕಾರಗಳನ್ನೂ ಎಷ್ಟು ಬೈದರೂ, ಕಳೆದುಕೊಂಡವನು ಹೋಗಿ ಬಾಗಿಲು ತಟ್ಟಲು ಒಂದು ಮನೆ ಇರಲೇಬೇಕೆಂಬುದನ್ನು ಈ ಐದು ವರ್ಷಗಳು ಸಾಕಷ್ಟು ನಷ್ಟವನ್ನು ತೆತ್ತು ಕಲಿಸಿವೆ. ಮುಂದೆ ಇಂತಹ ಕಿರ್ದಿಗಳನ್ನು ರಚಿಸುವವರು ಆ ಮೂರನೆಯ ಪ್ರಶ್ನೆಯಿಂದಲೇ ತಮ್ಮ ಕೆಲಸವನ್ನು ಆರಂಭಿಸತಕ್ಕದ್ದು.